ಚಾರ್ಟಪ್ಪ

ನನ್ನದು ಕೊಳ್ಳೇಗಾಲದಲ್ಲಿ ಒಂದು ಜೆರಾಕ್ಸ್ ಅಂಗಡಿ. ಕಪ್ಪುಬಿಳುಪಿಗೆ 2 ರೂಪಾಯಿ, ಕಲರಿಗೆ 10. ಪಹಣಿ, ಆಧಾರ್, ಮಕ್ಕಳ ಟಿ.ಸಿ. ಇವುಗಳಿಂದ ಅಂಗಡಿ ಬಾಡಿಗೆ ಹುಟ್ಟುತ್ತದೆ. ಮಗಳ ಸ್ಕೂಲ್ ಫೀಸು ಮಾತ್ರ ಎದುರಿನ ರೇಷ್ಮೆ ಸೀರೆ ಅಂಗಡಿಯ ಮಗನ ಪುಣ್ಯ. ಊರಿನಲ್ಲಿ ಕಲರ್ ಪ್ರಿಂಟ್ ತೆಗೆಸುವ ಖಾಯಂ ಗಿರಾಕಿ ಅವನೊಬ್ಬನೇ.

ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಎಂಟು ವರ್ಷ ‘ಎಂ.ಐ.ಎಸ್.’ ನೋಡಿಕೊಳ್ಳುತ್ತಿದ್ದ. ಅವರಮ್ಮ ನೆಂಟರಿಗೆಲ್ಲ, ‘ಐ.ಎ.ಎಸ್. ಇದ್ದಂಗೇ ಕನ, ಒಂದಕ್ಸರ ಅತ್ತಿತ್ತ’ ಎಂದು ಹೇಳಿಕೊಂಡಿದ್ದರು. 2020ರ ಲಾಕ್‌ಡೌನಿನಲ್ಲಿ ಒಂದು ಲ್ಯಾಪ್‌ಟಾಪು, ಒಂದು ಸೊಂಟನೋವು ಸಮೇತ ಊರಿಗೆ ಬಂದವನು ಇಲ್ಲೇ ನಿಂತ. ಮನೆಯವರು ಇಟ್ಟ ಹೆಸರು ಬೇರೆ ಇದೆ. ಆದರೆ ಮಾದಪ್ಪ, ಸಿದ್ದಪ್ಪಾಜಿಯರ ಸೀಮೆಯಲ್ಲಿ ಚಾರ್ಟಪ್ಪ ಎಂಬ ಹೆಸರು ಯಾರ ಕಿವಿಗೂ ಹೊಸದಾಗಿ ಕೇಳಲಿಲ್ಲ.

ರೇಷ್ಮೆ ವ್ಯಾಪಾರಿಯನ್ನು ‘ವ್ಯಾಪಾರ ಹೇಗಿದೆ’ ಅಂತ ಕೇಳಿದರೆ ಒಂದೇ ಉತ್ತರ: ‘ಏನೋ, ನಡೀತದ.’ ಲಕ್ಷ ಬಂದಿರಲಿ, ಲಕ್ಷ ಮುಳುಗಿರಲಿ, ಅಷ್ಟೇ. ಕೇಳಿದವನೂ ಅದಕ್ಕಿಂತ ಹೆಚ್ಚು ಕೇಳಬಾರದು, ಅದು ಮರ್ಯಾದೆ. ಚಾರ್ಟಪ್ಪನನ್ನು ಕೇಳಿ ನೋಡಿ. ‘ಒಂದು ನಿಮಿಷ ಅಣ್ಣ’ ಅಂತ ಲ್ಯಾಪ್‌ಟಾಪನ್ನು ನಿಮ್ಮ ಕಡೆ ತಿರುಗಿಸುತ್ತಾನೆ. ಕಾಫಿ ಆರುತ್ತದೆ.

ಅವನ ಮೊದಲ ಪ್ರದರ್ಶನಕ್ಕೆ ಅಪ್ಪ, ಚಿಕ್ಕಪ್ಪ, ಅಂಗಡಿಯ ಇಬ್ಬರು ಹುಡುಗರು, ಪ್ರಿಂಟ್ ತಂದುಕೊಟ್ಟ ನಾನು. ನಾಲ್ಕು ವರ್ಷದ ಮಾರಾಟ. ಎಡಗಡೆಯ ಕಾಲಮ್ಮಿನ ತಲೆಗೆ ‘ವರ್ಷ’, ಬಲಗಡೆಯದಕ್ಕೆ ‘ಮಾರಾಟ, ಲಕ್ಷಗಳಲ್ಲಿ’ ಎಂದು ಬರೆದು, ಎರಡನ್ನೂ ಒಟ್ಟಿಗೆ ಹಿಡಿದು, ಚಾರ್ಟ್ ಹಾಕು ಎಂದಿದ್ದಾನೆ. ಎಕ್ಸೆಲ್ಲಿಗೆ 2021 ಅಂದರೆ ಇಸವಿ ಎಂದು ಯಾರು ಹೇಳಬೇಕು? ಅದಕ್ಕೆ ಅದೂ ಒಂದು ಅಂಕಿ. ಎರಡು ಸಾವಿರದೆತ್ತರದ ನಾಲ್ಕು ನೀಲಿ ಕಂಬ ಎದ್ದು ನಿಂತವು. ಅಂಗಡಿಯ ಹದಿನಾಲ್ಕು, ಹದಿನೇಳು ಲಕ್ಷಗಳು ಕಂಬಗಳ ಬುಡದಲ್ಲಿ ಇರುವೆ ಸಾಲಿನಂತೆ ನೆಲಕ್ಕಂಟಿದ್ದವು. ಚಿಕ್ಕಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ಬೇಸ್ ಕನ ಮೊಗ! ಒಂದ್ ವರ್ಸಾನೂ ಇಳ್ದೇ ಇಲ್ಲ!’ ಎಂದರು. ಸುಳ್ಳಲ್ಲ. ಇಸವಿ ಯಾವ ವರ್ಷವೂ ಇಳಿದದ್ದಿಲ್ಲ.

ಕಂಪನಿಯಲ್ಲಿ ಯಾರೋ ಮಾಡಿಟ್ಟಿದ್ದ ಚಾರ್ಟಿಗೆ ತಿಂಗಳ ಅಂಕಿ ತುಂಬುವುದಷ್ಟೇ ಇವನ ಕೆಲಸವಾಗಿತ್ತು ಎಂಬುದು ಅಂದು ಹೊರಬಿತ್ತು. ‘ವರ್ಷ’ ಎಂಬ ಆ ಒಂದು ಮಾತನ್ನು ಅಳಿಸಿ ಮನೆ ಖಾಲಿ ಬಿಟ್ಟರೆ ಎಕ್ಸೆಲ್ ಇಸವಿಗಳನ್ನು ತಾನಾಗಿ ಕೆಳಗಿನ ಸಾಲಿಗೆ ಇಳಿಸುತ್ತದೆ ಎಂದು ಕಲಿಯಲು ಅವನಿಗೆ ಮೂರು ದಿನ ಬೇಕಾಯಿತು. ನನಗೆ ಹದಿನೆಂಟು ಕಲರ್ ಪ್ರಿಂಟು.

ಕಲಿತ ಮೇಲೆ ಮಾತ್ರ ಅವನ ಕೈ ನೋಡಬೇಕು. ಎಕ್ಸೆಲ್ ತಾನಾಗಿ ಕೊಡುವ ನೀಲಿ-ಕಿತ್ತಳೆ ಕಂಡರೆ ಅವನಿಗೆ ಆಗದು. ಸೀರೆ ಅಂಗಡಿಯ ರಕ್ತ. ಕಂಬದ ಮೇಲೆ ಬಲಗುಂಡಿ ಒತ್ತಿ, ಬಣ್ಣದ ಪೆಟ್ಟಿಗೆ ತೆಗೆದು, ಕತ್ತು ವಾಲಿಸಿ ಕೂರುತ್ತಾನೆ. ಜನವರಿಗೆ ಎಂ.ಎಸ್. ಬ್ಲೂ. ಫೆಬ್ರವರಿಗೆ ಗಿಳಿ ಹಸಿರು. ಏಪ್ರಿಲ್ಲಿಗೆ ಮಾವಿನ ಚಿಗುರು, ಅದು ಕಾಲಕ್ಕೂ ಒಪ್ಪುತ್ತದೆ. ಕಂಬಗಳ ನಡುವಿನ ಸಂದು ಜಾಸ್ತಿ ಅನ್ನಿಸಿದರೆ ಇಳಿಸಿ ಇಳಿಸಿ ಕಂಬಗಳನ್ನು ಒತ್ತೊತ್ತಾಗಿ ಕೂರಿಸುತ್ತಾನೆ, ಮಗ್ಗದ ಮೇಲೆ ಹಾಸು ಬಿಗಿ ಮಾಡಿದ ಹಾಗೆ. ಹಿಂದಿನ ಅಡ್ಡಗೆರೆಗಳನ್ನು ಅಳಿಸುತ್ತಾನೆ. ನಡುವಿನ ಜಾಗ ಒಡಲು, ಸುತ್ತಲಿನ ಚೌಕಟ್ಟು ಅಂಚು, ಯಾವ ಬಣ್ಣ ಯಾವ ತಿಂಗಳು ಎಂದು ಹೇಳುವ ಪಟ್ಟಿ ಸೆರಗು. ಒಡಲಿಗೆ ಅಂಚು ಎದ್ದು ಕಾಣದಿದ್ದರೆ ಮತ್ತೆ ಮೊದಲಿಂದ. ಇಷ್ಟು ಮುಗಿಯುವ ಹೊತ್ತಿಗೆ ಸಂಜೆ. ಮಾರ್ಚಿ ತಿಂಗಳ ಅಂಕಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿರುತ್ತದೆ. ಅದನ್ನು ಹೇಳಿದರೆ, ‘ಇರ್ಲಿ ಅಣ್ಣ, ಬಣ್ಣ ಹೆಂಗಿದೆ ಹೇಳಿ’ ಎನ್ನುತ್ತಾನೆ.

ಅವರಪ್ಪ ಬೇರೆ ಜಾತಿಯ ಮನುಷ್ಯ. ಹಿಂದೆ ನೂಲು ಬಿಚ್ಚಾಣಿಕೆ ಮಾಡಿದವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ ಅದರ ಜಾತಕ ಹೇಳುವವರು. ಅವರ ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕದಲ್ಲಿ, ಉಳಿದದ್ದು ತಲೆಯಲ್ಲಿ.

ಒಂದು ಸಂಜೆ ಮಗ ಮುಖ ಸಪ್ಪೆ ಮಾಡಿಕೊಂಡು ಪ್ರಿಂಟ್ ತೆಗೆಸಿದ. ಮೇ ತಿಂಗಳಲ್ಲಿ 60 ಸೀರೆ, ಜೂನಿನಲ್ಲಿ 41, ಜುಲೈನಲ್ಲಿ 20. ಮೂರು ಕಂಬದ ತಲೆ ಮೇಲೆ ಒಂದು ಚುಕ್ಕಿಗೆರೆ. ಟ್ರೆಂಡ್‌ಲೈನ್ ಅಂತೆ, ಇನ್ನೆರಡು ತಿಂಗಳು ಮುಂದಕ್ಕೆ ಎಳೆ ಎಂದರೆ ಎಳೆಯುತ್ತದೆ. ಅದು ನೇರ ಇಳಿಜಾರಿಗೆ ಹೋಗಿ ಆಗಸ್ಟಿಗೆ ಸೊನ್ನೆ ಮುಟ್ಟಿ, ಸೆಪ್ಟೆಂಬರಿಗೆ ನೆಲ ಕೊರೆದು ಮೈನಸ್ 20ಕ್ಕೆ ಇಳಿದಿತ್ತು. ಹಾಳೆಯನ್ನು ಅಪ್ಪನ ಮುಂದಿಟ್ಟ. ಅವರು ಎಲೆಅಡಿಕೆ ಬಾಯಿಂದಲೇ ಕೇಳಿದರು:

‘ಅಂದ್ರ, ಸೆಪ್ಟೆಂಬರ್‌ಗ ಜನಗಳೇ ಇಪ್ಪತ್ ಸೀರ ತಂದು ನಮ್ಗ ಕೊಟ್ಬುಟ್ಟು ಒಯ್ತರಾ?’

‘ಅಪ್ಪಾ, ಟ್ರೆಂಡು ಹಂಗೆ ತೋರಿಸ್ತಿದೆ.’

‘ಆಸಾಡ್ದಲ್ಲಿ ಯಾವನ್ಲಾ ಮದುವ ಮಾಡನು? ಶ್ರಾವಣ ಬರ್ಲಿ. ವರಮಾಲಕ್ಸ್ಮಿಗ ಸೀರ ಉಡ್ಸಬ್ಯಾಡ್ವಾ?’

ಎದುರಂಗಡಿಯಿಂದ ನೋಡುತ್ತಿದ್ದವನು ನಾನು. ಆ ಶ್ರಾವಣದಲ್ಲಿ ಅವರ ಬಾಗಿಲ ಮುಂದಿನ ಚಪ್ಪಲಿ ರಾಶಿಯೇ ಉತ್ತರ ಹೇಳಿತು. ಚಾರ್ಟಪ್ಪ ಸುಮ್ಮನಾಗಲಿಲ್ಲ. ‘ಆಷಾಢ ಪರಿಣಾಮ’ ಎಂದು ಬಾಣದ ಗುರುತು ಹಾಕಿ, ತಾನೇ ಕಂಡುಹಿಡಿದವನಂತೆ ಮತ್ತೊಂದು ಪ್ರಿಂಟ್ ತೆಗೆಸಿದ.

ಈ ಹುಚ್ಚಿಗೂ ಒಬ್ಬ ಮೂಲಪುರುಷನಿದ್ದಾನೆ. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ಇಂಗ್ಲೆಂಡಿನ ಆಮದು-ರಫ್ತನ್ನು ಗೆರೆ ಎಳೆದು ತೋರಿಸಿದ. ಆಗ ಇಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು. ಮೈಸೂರು ಸೀಮೆಗೆ ರೇಷ್ಮೆ ಹುಳು ತರಿಸಿದವನು ಅವನೇ. ಅಂದರೆ ರೇಷ್ಮೆಯೂ ಚಾರ್ಟೂ ಹೆಚ್ಚುಕಡಿಮೆ ಓರಗೆಯವು. ಅವೆರಡೂ ಒಂದೇ ಅಂಗಡಿಯಲ್ಲಿ ಭೇಟಿಯಾಗಲು ಇನ್ನೂರು ಚಿಲ್ಲರೆ ವರ್ಷ ಹಿಡಿಯಿತು, ಅಷ್ಟೇ. 1801ರಲ್ಲಿ ಅದೇ ಪ್ಲೇಫೇರ್ ಪೈ ಚಾರ್ಟನ್ನೂ ಬರೆದ. ನಮ್ಮ ಕಡೆ ಅದಕ್ಕೆ ‘ಒಬ್ಬಟ್ಟು’ ಎಂದೇ ಹೆಸರು. ಚಾರ್ಟಪ್ಪನ ಒಬ್ಬಟ್ಟು ಚಪ್ಪಟೆಯಲ್ಲ, ತ್ರೀ-ಡಿ; ಹಿಂದಕ್ಕೆ ವಾಲಿ ಮಲಗಿರುತ್ತದೆ. ಹಾಗೆ ವಾಲಿಸಿದರೆ ಮುಂದಿನ ಚೂರು ದೊಡ್ಡದಾಗಿ, ಹಿಂದಿನದು ಸಣ್ಣದಾಗಿ ಕಾಣುತ್ತದೆ. ಅಪ್ಪ-ಚಿಕ್ಕಪ್ಪ ಸಮಪಾಲು ಲಾಭ ಹಂಚಿಕೊಂಡದ್ದನ್ನು ಹೀಗೆ ತೋರಿಸಿದಾಗ ಅಪ್ಪನ ಪಾಲು ಮುಂದೆ ಬಂದಿತ್ತು. ಮೂವತ್ತು ವರ್ಷ ಜಗಳವಾಡದ ಅಣ್ಣತಮ್ಮಂದಿರು ಒಂದು ವಾರ ಮಾತು ಬಿಟ್ಟರು. ‘ಎರಡರ ಮೇಲೂ 50 ಅಂತ ಬರ್ದಿದ್ದೀನಲ್ಲ’ ಎಂದು ಇವನು ಕೂಗುತ್ತಲೇ ಇದ್ದ. ಅಂಕಿ ಯಾರು ಓದುತ್ತಾರೆ, ಒಬ್ಬಟ್ಟು ಎದುರಿಗಿರುವಾಗ.

ಅವನ ಕೀರ್ತಿ ಊರು ದಾಟಿತು. ಹೋದ ವರ್ಷ ರೈತರ ಸಭೆಯೊಂದಕ್ಕೆ ಕರೆ ಬಂತು. ಕೊಳ್ಳೇಗಾಲ ತಾಲ್ಲೂಕಿನ ಹಿಪ್ಪುನೇರಳೆ ಬೆಳೆ, ಹಲವು ವರ್ಷಗಳದು, ಗೋಡೆಯ ಮೇಲೆ ತೋರಿಸಬೇಕು. ಶೀರ್ಷಿಕೆಯನ್ನು ನುಡಿಯ ಹಳೇ ಅಕ್ಷರದಲ್ಲಿ ಹೊಡೆದಿದ್ದ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅದು ಯಾರೋ ಮಾಟ ಮಾಡಿಸಿದ ತಗಡಿನಂತೆ ಕಂಡಿತು. ಕೊಳ್ಳೇಗಾಲ ಅಂದರೆ ಮಾಟ ಎಂದು ಹೊರಗಿನವರು ಆಡಿಕೊಳ್ಳುವುದಕ್ಕೆ ಸರಿಹೋಯಿತು. ಅದನ್ನು ದಾಟಿ ಗೆರೆಗೆ ಬಂದರೆ, ನೆಟ್ಟಗೆ ಬರುತ್ತಿದ್ದದ್ದು ಒಂದು ಕಡೆ ಭರಚುಕ್ಕಿಯಂತೆ ಧುಮುಕಿದೆ. ಸಭೆ ಉಸಿರು ಬಿಗಿಹಿಡಿಯಿತು. ಚಾರ್ಟಪ್ಪ ಕಾರಣ ಬಿಡಿಸಿಟ್ಟ: ಮಳೆ, ಚೀನಾ ರೇಷ್ಮೆ, ಕೂಲಿಯಾಳು, ಬೆಂಗಳೂರು ಬಸ್ಸು ಹತ್ತುವ ಹುಡುಗರು. ವೇದಿಕೆಯ ಮೇಲಿದ್ದವರು ಒಬ್ಬೊಬ್ಬರಾಗಿ ತಲೆದೂಗಿದರು, ಒಬ್ಬರು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಿಂದ ಟವಲ್ ಹೊದ್ದ ಒಬ್ಬ ಮುದುಕಪ್ಪ ಎದ್ದ.

‘ಎಲ್ಲೂ ಬಿದ್ದಿಲ್ಲ ಬುದ್ಧೀ. ಹನೂರು ಬ್ಯಾರ ತಾಲ್ಲೂಕಾಯ್ತಲ್ಲ, ಆಗ ತ್ವಾಟಗಳೂ ಅದ್ರ ಜೊತ್ಗೇ ಒಂಟೋದೊ. ಈಗ ಹನೂರ್‌ನ ಚಾರ್ಟ್ ಹಾಕಿ, ಮ್ಯಾಕ್ಕೇರಿರ್ತದ.’

1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಆಮೇಲೆ ಮೈಸೂರಿಗೆ ಬಂದು, 1997ರಲ್ಲಿ ಚಾಮರಾಜನಗರಕ್ಕೆ ಸೇರಿದ ಸೀಮೆ ಇದು. ಇಲ್ಲಿಯ ಮುದುಕರಿಗೆ ಗಡಿ ಹೇಗೆ ಸರಿಯುತ್ತದೆ ಎಂಬುದು ಗೊತ್ತು. ಎಕ್ಸೆಲ್ಲಿನಲ್ಲಿ ಅದಕ್ಕೊಂದು ಬಟನ್ ಇಲ್ಲ.

ಇಷ್ಟೆಲ್ಲ ಪ್ರಿಂಟು ಎಲ್ಲಿ ಹೋಗುತ್ತವೆ ಎಂದು ನನಗೆ ಬಹಳ ದಿನ ಯೋಚನೆಯಿತ್ತು. ಮೊನ್ನೆ ಗೊತ್ತಾಯಿತು. ಅಪ್ಪ ಒಂದನ್ನೂ ಎಸೆದಿಲ್ಲ. ಒಳ್ಳೆಯ ದಪ್ಪ ಕಾಗದ. ಸೀರೆಯ ಮಡಿಕೆ ಮುರಿಯದ ಹಾಗೆ ಒಳಗೆ ಇಡಲು ಹೇಳಿ ಮಾಡಿಸಿದ್ದು. ಯಳಂದೂರಿನಿಂದ ಮಗಳ ಮದುವೆಗೆ ಜವಳಿ ತೆಗೆಯಲು ಬಂದಿದ್ದ ಹೆಂಗಸೊಬ್ಬರು ಹತ್ತಾರು ಸೀರೆ ಹರವಿಸಿಯೂ ಮನಸ್ಸು ಒಪ್ಪದೆ ಏಳುವುದರಲ್ಲಿದ್ದರು. ಒಂದು ಮಡಿಕೆಯಿಂದ ಹಾಳೆ ಜಾರಿ ಬಿತ್ತು. ಎತ್ತಿಕೊಂಡು, ಏಪ್ರಿಲ್ ತಿಂಗಳ ಮೇಲೆ ಬೆರಳಿಟ್ಟು, ‘ಇಗಾ, ಇದೇ ಬಣ್ಣ. ಇದ್ಕ ಪಕ್ಕದ ಕಂಬದ್ದು ಅಂಚು. ಅದಾ ನಿಮ್ತಾವು?’ ಎಂದರು.

ಇತ್ತು. ಅಪ್ಪ ಹಣ ಎಣಿಸಿಕೊಂಡು ಕೆಂಪು ಪುಸ್ತಕದಲ್ಲಿ ಒಂದು ಸಾಲು ಬರೆದರು. ಸಂಜೆ ಚಾರ್ಟಪ್ಪ ಪೆನ್‌ಡ್ರೈವ್ ಹಿಡಿದು ರಸ್ತೆ ದಾಟಿ ನನ್ನ ಅಂಗಡಿಗೆ ಬಂದ. ‘ಚಾರ್ಟಿನಿಂದ ಆದ ಮಾರಾಟ’ ಎಂದು ಶೀರ್ಷಿಕೆ. ಕೆಳಗೆ ಇಡೀ ಒಬ್ಬಟ್ಟು, ಒಂದೇ ಚೂರು, ಮಾವಿನ ಚಿಗುರಿನ ಬಣ್ಣ, ನಡುವೆ 100%.

‘ಐದು ಕಾಪಿ ಅಣ್ಣ,’ ಎಂದ. ‘ಕಲರು.’