ರಾಜ ರಾಣಿಯರನ್ನು ಸಾಕಿದವನು

ಮಕ್ಕಳ ಇಸ್ಪೀಟಾಟಗಳಲ್ಲಿ ಗೆದ್ದವನಿಗೆ ಹೆಸರೇ ಇಲ್ಲ. ನಾಮಕರಣವೇನಿದ್ದರೂ ಸೋತವನಿಗೆ. ನಮ್ಮಲ್ಲಿ ಅವನು ಕತ್ತೆ, ಕೇರಳದಲ್ಲೂ ಕತ್ತೆಯೇ. ಪಂಜಾಬಿನ ಕಡೆ ಹೆಚ್ಚುಕಡಿಮೆ ಇದೇ ಆಟದಲ್ಲಿ ಸೋತವರು ‘ಭಾಭಿ’, ಅಂದರೆ ಅತ್ತಿಗೆ. ಯಾವ ಮೈದುನ ಇಟ್ಟ ಹೆಸರೋ! ಇಂಗ್ಲೆಂಡಿನಲ್ಲಿ ಕಟ್ಟಿನಿಂದ ಒಬ್ಬ ರಾಣಿಯನ್ನು ತೆಗೆದಿಟ್ಟು, ಉಳಿದ ಎಲೆಗಳಿಗೆಲ್ಲ ಜೋಡಿ ಹೊಂದಿಸುತ್ತ ಹೋಗುತ್ತಾರೆ. ಜೋಡಿ ಸಿಗದ ರಾಣಿ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತಾಳೋ ಅವರು ಮದುವೆಯಾಗದ ಮುದುಕಿ. ರಷ್ಯದ ಆಟದಲ್ಲಿ ಸೋತವನು ದುರಾಕ್, ಶುದ್ಧ ಮೂರ್ಖ. ಜರ್ಮನಿಯ ಮಕ್ಕಳು ‘ಕರಿ ಪೀಟರ್’ ಅನ್ನುತ್ತಾರೆ. ಅಷ್ಟಕ್ಕೇ ಬಿಡದೆ ಅವನ ಮುಖಕ್ಕೆ ಮಸಿಯನ್ನೂ ಬಳಿಯುತ್ತಾರೆ.

ಈ ಕೊನೆಯ ಸಂಗತಿಯನ್ನು ತಂಗಿಯ ಮಗಳ ಮದುವೆಯ ಹಿಂದಿನ ರಾತ್ರಿ, ಸಾಗರದ ಹತ್ತಿರದ ಅವರ ಮನೆಯ ಜಗುಲಿಯಲ್ಲಿ ಬಾಯಿಬಿಡುವ ದರ್ದು ನನಗೇನೂ ಇರಲಿಲ್ಲ. ಆದರೆ ಇತಿಹಾಸದ ಮೇಷ್ಟರಿಗೆ ಕೇಳುವವರು ಕೂತಲ್ಲೇ ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ಮದುವೆ ಮನೆಯಲ್ಲಿ ದೊಡ್ಡವರ ರಮ್ಮಿ ಮೆತ್ತಿನ ಮೇಲೆ ನಡೆದಿತ್ತು. ನನಗೆ ಅಲ್ಲಿ ಪ್ರವೇಶವಿಲ್ಲ. ಹಿಂದಿನ ಮದುವೆಯೊಂದರಲ್ಲಿ ನಾನು ಜೋಕರನ್ನು ‘ಇದರಲ್ಲಿ ನಂಬರೇ ಇಲ್ಲ’ ಎಂದು ಕೆಳಗೆ ಬಿಸಾಕಿದ್ದು ಬಳಗದಲ್ಲಿ ಇನ್ನೂ ಮಾತಿನಲ್ಲಿದೆ. “ಭಾವ, ನೀವು ಮಕ್ಕಳ ಜೊತೆ ಇರಿ, ಅವಕ್ಕೂ ಬೇಜಾರು ಕಳೀತದೆ” ಎಂದು ತಂಗಿಯ ಗಂಡ ಬಹಳ ಗೌರವದಿಂದ ನನ್ನನ್ನು ಮೆಟ್ಟಿಲಿಳಿಸಿದರು.

ಚಾಪೆಯ ಮೇಲೆ ನಾಲ್ಕು ಮಕ್ಕಳು, ಐದನೆಯವನು ನಾನು. ನನ್ನ ಎಡಕ್ಕೆ ಹಲ್ಲು ಬಿದ್ದ ಪುಟ್ಟಿ, ಬಲಕ್ಕೆ ಕನ್ನಡಕದ ಹುಡುಗ. ಅವನು ಎಲೆ ಕಲಸುವಷ್ಟರಲ್ಲಿ ನಾನು ಬಾಬರನವರೆಗೆ ಹೋಗಿದ್ದೆ. 1527ರಲ್ಲಿ ಬಾಬರ್ ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ, ಅದು ನಮ್ಮ ದೇಶದ ಎಲೆಯಾಟದ ಹಳೆಯ ದಾಖಲೆ ಎಂದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಶ್ರೀತತ್ತ್ವನಿಧಿಯ ಒಂದು ಭಾಗದಲ್ಲಿ ಈ ಆಟಗಳನ್ನೇ ಬರೆಸಿದ್ದಾರೆ ಎಂದೆ. ದಶಾವತಾರ ಗಂಜೀಫದಲ್ಲಿ 120 ಎಲೆ, ಎಲ್ಲವೂ ದುಂಡಗೆ, ಒಂದೊಂದು ಅವತಾರಕ್ಕೆ 12. ಹಗಲಿನಲ್ಲಿ ಆಡಿದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ.

“ಮಾವ, ಇಸ್ಪೀಟ್ ಎಕ್ಕ ಯಾರ ಹತ್ರ ಇದೆ ನೋಡಿ. ಹಗಲಾದ್ರೂ ರಾತ್ರಿಯಾದ್ರೂ ಇಲ್ಲಿ ಅದೇ ಮೊದಲು” ಅಂದ ಕನ್ನಡಕ.

ನನ್ನ ಹತ್ತಿರವೇ ಇತ್ತು. ಅದೊಂದೇ ಅಲ್ಲ, ಕೈ ತುಂಬ ರಾಜ ರಾಣಿಯರು. ಸಂತೋಷಕ್ಕೆ ಮೀಸೆಯಿದ್ದಿದ್ದರೆ ತಿರುವುತ್ತಿದ್ದೆ.

ಕತ್ತೆಯಾಟ ಗೊತ್ತಿಲ್ಲದವರು ಕನ್ನಡನಾಡಿನಲ್ಲಿ ಇರಲಾರರು. ಆದರೂ ನನ್ನಂಥ ಒಬ್ಬಿಬ್ಬರು ಇದ್ದರೆ ಇರಲಿ ಎಂದು ಹೇಳುತ್ತೇನೆ. 52 ಎಲೆಯನ್ನೂ ಹಂಚಿಬಿಡಬೇಕು. ಒಬ್ಬಿಬ್ಬರಿಗೆ ಒಂದು ಹೆಚ್ಚು ಬಂದರೆ ಅದು ಅವರ ಕರ್ಮ. ಇಳಿದ ಎಲೆ ಯಾವ ಜಾತಿಯದೋ ಎಲ್ಲರೂ ಅದನ್ನೇ ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಸತ್ತಂತೆ. ಪಕ್ಕಕ್ಕೆ ಸರಿಸಿ, ದೊಡ್ಡದು ಹಾಕಿದವನು ಮುಂದಿನದನ್ನು ಶುರುಮಾಡುತ್ತಾನೆ. ಯಾರ ಬಳಿಯಾದರೂ ಆ ಜಾತಿ ಇಲ್ಲದಿದ್ದರೆ ಅವರು ಬೇರೆ ಯಾವುದನ್ನಾದರೂ ಹಾಕಿ ಕಟ್ ಮಾಡುತ್ತಾರೆ. ಆಗ ಬಿದ್ದದ್ದನ್ನೆಲ್ಲ ಬಳಿದುಕೊಳ್ಳಬೇಕಾದವನು ಕಟ್ ಮಾಡಿದವನಲ್ಲ, ಆ ಜಾತಿಯಲ್ಲಿ ಎಲ್ಲರಿಗಿಂತ ದೊಡ್ಡ ಎಲೆ ಹಾಕಿದವನು. ಕೈ ಖಾಲಿಯಾದವರು ಪಾರು, ಎಲೆ ಉಳಿಸಿಕೊಂಡವನು ಕತ್ತೆ. ಮೊದಲ ಸುತ್ತಿಗೆ ಮಾತ್ರ ಕಟ್ ಲೆಕ್ಕಕ್ಕಿಲ್ಲ.

ಅಂದರೆ ದೊಡ್ಡವನಾದಷ್ಟೂ ಹೊರೆ. ಎರಡು ಮೂರು ಅಂತ ಸಣ್ಣ ಎಲೆ ಇಟ್ಟುಕೊಂಡವನು ಕೊನೆಯಲ್ಲಿ ಹಾಯಾಗಿ ಮನೆಗೆ ಹೋಗುತ್ತಾನೆ, ರಾಜನನ್ನು ಇಟ್ಟುಕೊಂಡವನು ಊರಿನ ಕಸವನ್ನೆಲ್ಲ ಹೊರುತ್ತಾನೆ. ಹಾಗಾಗಿ ತಿಳಿದವರು ಎಲ್ಲರ ಕೈಯಲ್ಲೂ ಎಲ್ಲ ಜಾತಿ ಇರುವಾಗಲೇ, ಶುರುವಿನಲ್ಲೇ, ದೊಡ್ಡವುಗಳನ್ನು ಸಾಗಹಾಕಿಬಿಡುತ್ತಾರೆ. ಪುಟ್ಟಿ ಅದನ್ನೇ ಮಾಡುತ್ತಿದ್ದಳು. ಕಳಾವರ್ ರಾಜನನ್ನು ಅವಳು ಲೆಕ್ಕವೇ ಇಲ್ಲದವಳ ಹಾಗೆ ಎಸೆದಾಗ ನನಗೆ ಅಯ್ಯೋ ಪಾಪ ಅನ್ನಿಸಿತು. “ಇಂಥಾ ಎಲೆಯನ್ನು ಹಾಳು ಮಾಡಿಕೊಂಡೆಯಲ್ಲ ಮಗಾ” ಎಂದು ಬುದ್ಧಿ ಹೇಳಿ ನಾನು ಮೂರು, ನಾಲ್ಕು, ಐದುಗಳನ್ನು ಮೊದಲು ಖರ್ಚು ಮಾಡಿದೆ. ಸಂಬಳದಲ್ಲಿ ಚಿಲ್ಲರೆ ಮೊದಲು ಮುಗಿಸಿ ನೋಟು ಉಳಿಸಿಕೊಳ್ಳುವುದು ನನ್ನ ಹಳೆಯ ಅಭ್ಯಾಸ.

ನಡುವೆ, ಎಕ್ಕ ರಾಜನಿಗಿಂತ ಮೇಲಾದದ್ದು ಹೇಗೆ ಎಂಬ ಪ್ರಶ್ನೆಯನ್ನು ನಾನೇ ಎತ್ತಿದೆ. “ಫ್ರೆಂಚ್ ಕ್ರಾಂತಿಯಲ್ಲಿ ಜನ ರಾಜನನ್ನು ಕೆಳಗಿಳಿಸಿದರಲ್ಲ, ಆಗ ಎಲೆಯಲ್ಲೂ ಒಂದನೇ ನಂಬರು ರಾಜನ ತಲೆ ಮೇಲೆ ಹತ್ತಿತು ಅನ್ನುತ್ತಾರೆ. ಸುಳ್ಳು. ಕ್ರಾಂತಿಗಿಂತ ಬಹಳ ಮೊದಲೇ ಎಕ್ಕ ಮೇಲಿತ್ತು.”

“ಸುಳ್ಳಾದ್ರೆ ಮತ್ತೆ ಯಾಕೆ ಹೇಳ್ತೀರಿ?” ಅಂದಳು ಪುಟ್ಟಿ.

ಮೂವತ್ತು ವರ್ಷ ಪಾಠ ಹೇಳಿದರೂ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ತೋಚದೆ ಜರ್ಮನಿಗೆ ಹಾರಿದೆ. ಕರಿ ಪೀಟರನ ಕಥೆ ಬಂದದ್ದು ಹೀಗೆ. ಮಸಿ ಅಂದ ತಕ್ಷಣ ಅದುವರೆಗೆ ನನ್ನ ಮಾತಿಗೆ ಆಕಳಿಸುತ್ತಿದ್ದ ನಾಲ್ಕೂ ಮುಖ ಒಟ್ಟಿಗೆ ನನ್ನ ಕಡೆ ತಿರುಗಿದವು. ನನ್ನ ಉಪನ್ಯಾಸಕ್ಕೆ ಅಂಥ ಏಕಾಗ್ರತೆ ಹಿಂದೆಂದೂ ಸಿಕ್ಕಿರಲಿಲ್ಲ, ಉಬ್ಬಿಹೋದೆ. ಎಷ್ಟು ಬಳಿಯುತ್ತಾರೆ, ಎಲ್ಲಿಗೆ ಬಳಿಯುತ್ತಾರೆ ಎಂದು ಅವರು ಕೇಳಿದ್ದಕ್ಕೆಲ್ಲ ಸವಿಸ್ತಾರವಾಗಿ ಉತ್ತರ ಕೊಟ್ಟೆ.

ಆಮೇಲೆ ಕನ್ನಡಕ ಡೈಮಂಡ್ ಎರಡು ಇಳಿಸಿದ. ನನ್ನಲ್ಲಿ ಡೈಮಂಡ್ ಅಂತ ಉಳಿದದ್ದು ರಾಣಿ ಒಬ್ಬಳೇ. ಇಳಿಸಿದೆ. ಪುಟ್ಟಿ ಅದರ ಮೇಲೆ ಆಟಿನ್ ಎಕ್ಕವನ್ನು ಪಟ್ಟೆಂದು ಬಡಿದು “ಕಟ್!” ಅಂದಳು. ಮೂರೂ ನನಗೆ. ಇನ್ನೊಂದು ಸುತ್ತು, ಇಸ್ಪೀಟ್ ರಾಜ, ಮತ್ತೆ ಕಟ್. ಎಡಗೈಯಲ್ಲಿ ಎಲೆ ಹಿಡಿಸದೆ ಬಲಗೈಗೂ ಹಂಚಿದೆ. ಒಂದೊಂದು ಸಲ ಬಳಿದುಕೊಂಡಾಗಲೂ ಮಕ್ಕಳು “ಮಾವನ ಹತ್ರ ಎಷ್ಟು ಚಂದದ ಎಲೆ ಇದಾವೆ!” ಎಂದು ಹೊಗಳುತ್ತಿದ್ದರು. ಹೊಗಳಿಕೆಯನ್ನು ನಾನು ಯಾವತ್ತೂ ಅನುಮಾನಿಸಿದವನಲ್ಲ.

ಪುಟ್ಟಿಯ ಕೈಯಲ್ಲಿ ಮೂರು ಎಲೆ ಉಳಿದಿದ್ದವು. ಅವಳು ನನ್ನ ಕಿವಿಯ ಹತ್ತಿರ ಬಂದು, “ಮಾವ, ಒಂದು ರೂಲ್ಸು ಇದೆ. ನೀವು ಶುರುಮಾಡೋ ಮೊದಲು ಪಕ್ಕದವರ ಎಲೆಯನ್ನೆಲ್ಲ ಕೇಳಿ ತಗೋಬಹುದು. ನಂದು ಬೇಕಾ?” ಎಂದು ಪಿಸುಗುಟ್ಟಿದಳು. ಈ ಮಗುವಿಗೆ ನನ್ನ ಮೇಲೆ ಎಷ್ಟು ಅಕ್ಕರೆ! ಬೇಡ ಅಂದರೆ ಮನಸ್ಸು ನೋಯುತ್ತದೆಂದು ಕೇಳಿ ಪಡೆದೆ. ಅವಳು ಎರಡೂ ಕೈ ಬೀಸಿ “ನಾನು ಪಾರು!” ಎಂದು ಕಿರುಚುತ್ತ ಬಚ್ಚಲಿನ ಕಡೆ ಓಡಿದಳು. ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ರೂಲ್ಸು ನಿಜವಾದದ್ದೇ, ಬೇರೆ ಕಡೆಯೂ ಇದೆ. ಆದರೆ ಬುದ್ಧಿ ಇದ್ದವರು ಅದನ್ನು ಕೈಯಲ್ಲಿ ಎಲೆ ಕಮ್ಮಿ ಇದ್ದಾಗ, ಲೆಕ್ಕ ಹಾಕಿ ಬಳಸುತ್ತಾರಂತೆ.

ಉಳಿದ ಮೂವರೂ ಒಬ್ಬೊಬ್ಬರಾಗಿ ಪಾರಾದರು. ನಾನು ಒಬ್ಬನೇ ಆ ಸಂಸ್ಥಾನವನ್ನೆಲ್ಲ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಗ ಪುಟ್ಟಿ ತೆಂಗಿನ ಚಿಪ್ಪಿನಲ್ಲಿ ಹಂಡೆಯ ಮಸಿ ತಂದಳು, ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ಕಲೆಸಿದ್ದು. “ಜರ್ಮನಿ ಥರ” ಅಂದಳು. ಇತಿಹಾಸಕ್ಕೆ ಗೌರವ ಕೊಡುವವನು ಅಡ್ಡಿ ಹೇಳುವುದು ಹೇಗೆ? ಕೆನ್ನೆಗೆರಡು ಬೊಟ್ಟು, ಮೂಗಿನ ಕೆಳಗೆ ಗಿರಿಜಾ ಮೀಸೆ.

ಅರೆದ ಸೀಗೆ, ಸೋಪು, ಸೀಮೆಎಣ್ಣೆ ಎಲ್ಲ ಆಯಿತು. ಕೆನ್ನೆಯದು ಹೋಯಿತು, ಮೀಸೆ ತಿಳಿಯಾಗಿ ನಿಂತಿತು. ಸೋದರಮಾವನಾದ್ದರಿಂದ ಬೆಳಿಗ್ಗೆ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ನಾನೇ. ಫೋಟೋದವನು “ಸಾರ್, ಮೂಗಿನ ಕೆಳಗೆ ಸ್ವಲ್ಪ ನೆರಳು ಬೀಳ್ತಿದೆ, ತಲೆ ಎತ್ತಿ” ಎಂದು ಐದಾರು ಸಲ ಹೇಳಿ ಕೊನೆಗೆ ಕೈಬಿಟ್ಟ. ಮದುಮಗಳು ನಗು ತಡೆಯಲಾರದೆ ಅಂತರಪಟದ ಹಿಂದೆ ಬಿಕ್ಕುತ್ತಿದ್ದಳು. ತವರು ಬಿಟ್ಟು ಹೋಗುವ ದುಃಖ ಎಂದು ಬೀಗರ ಕಡೆಯ ಹೆಂಗಸರೂ ಕಣ್ಣೊರೆಸಿಕೊಂಡರು.

ಊಟವಾಗಿ ಅಡಿಕೆಲೆ ಹಾಕುವಾಗ ಮೆತ್ತಿನಿಂದ ಕೂಗು ಬಂತು: “ಭಾವ, ರಮ್ಮಿಗೆ ಒಂದು ಕೈ ಕಮ್ಮಿ, ಬರ್ತೀರಾ?” ಎಷ್ಟು ಮದುವೆಗಳಿಂದ ಕಾಯುತ್ತಿದ್ದ ಕರೆ! ಪಂಚೆ ಎತ್ತಿ ಕಟ್ಟಿ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ಯಾರೋ ಶಲ್ಯ ಜಗ್ಗಿದರು.

“ಎಲ್ಲಿಗೆ ಮಾವ? ಕತ್ತೆಯಾದವರೇ ಎಲೆ ಕಲಸಿ ಹಂಚಬೇಕು” ಅಂದಳು ಪುಟ್ಟಿ. “ಬೇಗ ಬನ್ನಿ. ಈ ಸಲ ಎಂಟು ಜನ ಇದೀವಿ.”