ಮೈಸೂರೋ ಧಾರವಾಡವೋ

ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಹರಿಹರದವರಾದ ನಮಗೆ ಮೈಮೇಲೆ ಬರುತ್ತದೆ. ಹರಿಯೋ ಹರನೋ ಎಂಬ ತಕರಾರನ್ನು ಒಂದೇ ಮೂರ್ತಿಯಲ್ಲಿ ಅರ್ಧರ್ಧ ಹಂಚಿ ಮುಗಿಸಿದ ಊರು ನಮ್ಮದು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಗುಡಿಯನ್ನೂ ಕಟ್ಟಿಸಿ, ಮುಂದೆ ಯಾರೂ ಬಾಯಿ ತೆಗೆಯದ ಹಾಗೆ ಮಾಡಿದ. ಊರ ಪಕ್ಕದಲ್ಲೇ ತುಂಗಭದ್ರೆ. 1956ರವರೆಗೆ ಹೊಳೆಯಾಚೆ ಮುಂಬಯಿ ರಾಜ್ಯ, ಈಚೆ ಮೈಸೂರು. ಹೆಣ್ಣು ತರುವಾಗ, ಕೊಡುವಾಗ ಮಾತ್ರ ನಮ್ಮ ಹಿರಿಯರು ಈ ಗಡಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದರ ಫಲವಾಗಿ ನಮ್ಮ ಮನೆತನದಲ್ಲಿ ಧಾರವಾಡದಲ್ಲಿ ಓದಿದ ಮಾವ ಒಬ್ಬರು, ಮೈಸೂರಿನಲ್ಲಿ ಓದಿದ ಚಿಕ್ಕಪ್ಪ ಒಬ್ಬರು. ಹಬ್ಬ ಹುಣ್ಣಿಮೆಗೆ ಇಬ್ಬರೂ ಒಂದೇ ಜಗುಲಿಯ ಮೇಲೆ.

ತಂಗಿಯ ಮಗಳು ಬಿ.ಎ. ಮುಗಿಸಿ ಎಂ.ಎ. ಓದುತ್ತೇನೆ ಎಂದದ್ದೇ ತಡ, ಜಗುಲಿ ಇಬ್ಭಾಗವಾಯಿತು.

ಚಿಕ್ಕಪ್ಪ 1916ರಿಂದ ಶುರು ಮಾಡಿದರು. ಅವರು ಯಾವಾಗಲೂ ಅಲ್ಲಿಂದಲೇ ಶುರು ಮಾಡುವುದು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು, ಮೊದಲ ಕುಲಪತಿ ನಂಜುಂಡಯ್ಯನವರು, ಹೀಗೆ ವಂಶಾವಳಿ ಇಳಿಯುತ್ತ ಬಂತು. ರಾಧಾಕೃಷ್ಣನ್ ಅವರು ಮಹಾರಾಜಾ ಕಾಲೇಜು ಬಿಟ್ಟು 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟನ್ನು ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟರಲ್ಲ, ಆ ಭಾಗವನ್ನು ಅವರು ಹೇಳುವ ರೀತಿ ನೋಡಿದರೆ ಸಾರೋಟಿನ ಒಂದು ಹಗ್ಗ ಇವರ ಕೈಯಲ್ಲೇ ಇತ್ತೇನೋ ಅನಿಸಬೇಕು. ಕೊನೆಗೆ ಕುವೆಂಪು. ಅಲ್ಲೇ ಓದಿ, ಅಲ್ಲೇ ಕಲಿಸಿ, ಅಲ್ಲೇ ಕುಲಪತಿಯಾಗಿ, ಅಷ್ಟು ದೊಡ್ಡ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು.

“ಹೆಸರಿಡೂದು ದೊಡ್ಡ ಮಾತಲ್ಲ, ಕಟ್ಟೂದು ದೊಡ್ಡದು,” ಎಂದು ಮಾವ ಎಲೆಯಡಿಕೆ ಪಕ್ಕಕ್ಕಿಟ್ಟರು. “ನಮ್ಮದು ಹುಟ್ಟಿದ್ದ 1949ರಾಗ, ಅದೂ ಮುಂಬಯಿಯೊಳಗ. ಮರುವರ್ಷ ಧಾರವಾಡಕ್ಕ ಬಂತು. ರಾಜರಿಲ್ಲ, ಅರಮನಿ ಇಲ್ಲ. ಇದ್ದದ್ದು ಒಂದು ಗುಡ್ಡ ಮತ್ತ ಪಾವಟೆಯವರು.” ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ರ್‍ಯಾಂಗ್ಲರ್ ಅನಿಸಿಕೊಂಡು ಬಂದ ಗಣಿತಜ್ಞರು. 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಛೋಟಾ ಮಹಾಬಳೇಶ್ವರದ ಗುಡ್ಡವನ್ನು ವಿಶ್ವವಿದ್ಯಾಲಯ ಮಾಡಿದರು. ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಮಾವನ ಪ್ರಕಾರ ಅದು ಬಡ್ತಿಯೇ ಅಲ್ಲ, ವಿಶ್ರಾಂತಿ.

ಹುಡುಗಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವಳು ಒಂದೇ ಪ್ರಶ್ನೆ ಹಾಕಿದಳು: “ಈಗ ಅಲ್ಲಿ ಪಾಠ ಮಾಡೋರು ಯಾರು?”

ಜಗುಲಿ ತಣ್ಣಗಾಯಿತು. ಈಗಿನವರ ಒಂದು ಹೆಸರೂ ಇಬ್ಬರಿಗೂ ಗೊತ್ತಿರಲಿಲ್ಲ. ಹಿರಿಯರು ಕೊಡುವ ಸಲಹೆಯೆಲ್ಲ ಇಂಥದೇ ಇರಬೇಕು. ತಾವು ಇಪ್ಪತ್ತೆರಡರ ಹರೆಯದಲ್ಲಿ ಬಿಟ್ಟುಬಂದ ಊರಿಗೆ ಮಕ್ಕಳನ್ನು ಕಳಿಸಲು ಹೊರಡುತ್ತಾರೆ. ಆ ಊರಿಗೆ ಈಗ ಬಸ್ಸಿಲ್ಲ. ಕಾಯಂ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ತರಗತಿಗಳು ನಡೆಯುತ್ತಿರುವ ಕಾಲ ಇದು. ಸಾರೋಟಿನ ಕಥೆ ಹೇಳುವವರು ಈ ಮಾತಿಗೆ ಬರುವುದೇ ಇಲ್ಲ.

ಜೊತೆಗೆ ಇಬ್ಬರೂ ಹೊಗಳುತ್ತಿದ್ದುದು ಅವಿಭಕ್ತ ಕುಟುಂಬಗಳನ್ನು. ಅವು ಎಂದೋ ಹಿಸ್ಸೆಯಾಗಿವೆ. ಮೈಸೂರಿನಿಂದ 1964ರಲ್ಲಿ ಬೆಂಗಳೂರು ಬೇರೆಯಾಯಿತು, 1980ರಲ್ಲಿ ಮಂಗಳೂರು, 1987ರಲ್ಲಿ ಶಂಕರಘಟ್ಟದ ಕುವೆಂಪು. ಧಾರವಾಡವೂ 1980ರಲ್ಲಿ ಕಲಬುರಗಿಗೆ, 2010ರಲ್ಲಿ ಬೆಳಗಾವಿಗೆ ಪಾಲು ಕೊಟ್ಟಿತು. ನಮ್ಮ ಮಗ್ಗುಲಲ್ಲೇ ದಾವಣಗೆರೆ ವಿಶ್ವವಿದ್ಯಾಲಯ ಇದೆಯಲ್ಲ, ತೋಳಹುಣಸೆಯಲ್ಲಿ, ಬೆಳಿಗ್ಗೆ ಹೋಗಿ ಸಂಜೆ ಬರಬಹುದಲ್ಲ ಎಂದು ತಂಗಿ ಒಳಗಿನಿಂದ ಕೂಗಿದಳು. ಹಿತ್ತಲ ಗಿಡ. ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಚರ್ಚೆ ಅಸಲು ವಿಷಯಕ್ಕೆ, ಅಂದರೆ ಊಟಕ್ಕೆ, ಬಂತು. ಜೋಳದ ರೊಟ್ಟಿಯಿಲ್ಲದ ಊರಿನಲ್ಲಿ ಎರಡು ವರ್ಷ ಹುಡುಗಿ ಬದುಕುವುದು ಹೇಗೆ ಎಂದು ಮಾವ. ಧಾರವಾಡದ ಜೂನ್ ಮಳೆಯಲ್ಲಿ ಒಗೆದ ಬಟ್ಟೆ ಸೆಮಿಸ್ಟರ್ ಮುಗಿದರೂ ಒಣಗುವುದಿಲ್ಲ ಎಂದು ಚಿಕ್ಕಪ್ಪ. ಕುಕ್ಕರಹಳ್ಳಿ ಕೆರೆಯ ಏರಿ, ಲೈನ್ ಬಜಾರಿನ ಪೇಢೆ ಎಲ್ಲ ಒಂದೊಂದಾಗಿ ತಕ್ಕಡಿಗೆ ಬಿದ್ದವು. ನಗುವವರು ನಗಲಿ, ಪಠ್ಯಕ್ರಮ ಓದಿ ವಿಶ್ವವಿದ್ಯಾಲಯ ಆರಿಸಿದವರನ್ನು ನಾನಂತೂ ಕಂಡಿಲ್ಲ. ಮೆಸ್ಸಿನ ಸಾರು ವಿಚಾರಿಸಿಕೊಂಡು ಹೋದವರು ಬೇಕಾದಷ್ಟು ಜನ ಇದ್ದಾರೆ, ಚೆನ್ನಾಗಿಯೇ ಪಾಸಾಗಿದ್ದಾರೆ.

ಈ ಹುಡುಗಿಯ ತಲೆಯಲ್ಲಿ ಇದ್ದದ್ದು ಮಾತ್ರ ಕಲ್ಲು. ನಮ್ಮ ಹರಿಹರೇಶ್ವರನ ಗುಡಿಯ ಆವರಣದಲ್ಲಿ ಆಳೆತ್ತರದ ಶಾಸನಗಳು ನಿಂತಿವೆ. ನಾವೆಲ್ಲ ಚಿಕ್ಕಂದಿನಲ್ಲಿ ಅವುಗಳ ಹಿಂದೆ ಕಣ್ಣಾಮುಚ್ಚಾಲೆ ಆಡಿದವರು. ಇವಳು ಹಿಂದೆ ಹೋಗದೆ ಮುಂದೆ ನಿಂತಳು. ಬಿಸಿಲು ಓರೆಯಾದಾಗ ಅಕ್ಷರದ ಗೆರೆಯಲ್ಲಿ ನೆರಳು ಬಿದ್ದು ಓದಲು ಸುಲಭವಂತೆ. ಸಂಜೆ ಹೊತ್ತು ಹೋಗಿ ಬೆರಳಾಡಿಸುತ್ತ ‘ಸ್ವಸ್ತಿಶ್ರೀ’ಯಿಂದ ಒಂದೊಂದೇ ಅಕ್ಷರ ಬಿಡಿಸುತ್ತ ಬಂದಿದ್ದಾಳೆ. ಧಾರವಾಡದಲ್ಲಿ ಪ್ರಾಚೀನ ಇತಿಹಾಸದ ವಿಭಾಗದ ಹೆಸರಿನಲ್ಲೇ ಶಾಸನಶಾಸ್ತ್ರವೂ ಸೇರಿದೆ, ಪಿ.ಬಿ. ದೇಸಾಯಿ, ಶ್ರೀನಿವಾಸ ರಿತ್ತಿಯವರಂಥ ಶಾಸನತಜ್ಞರು ಕಲಿಸಿದ ಜಾಗ ಅದು. ಪಂಚಮುಖಿಯವರು ಕಟ್ಟಿ ಬೆಳೆಸಿದ ಕನ್ನಡ ಸಂಶೋಧನ ಸಂಸ್ಥೆಯೂ ಅದೇ ಊರಿನಲ್ಲಿದೆ. ಇಷ್ಟನ್ನು ಅವಳು ಮೊದಲೇ ವಿಚಾರಿಸಿ ಅರ್ಜಿಯನ್ನೂ ಹಾಕಿ ಕೂತಿದ್ದಳು. ಜಗುಲಿಯ ಚರ್ಚೆಗೆ ಬಂದದ್ದು ಅವಲಕ್ಕಿಗೆ.

ಮಾವ ಗೆದ್ದವರ ಹಾಗೆ ಮೀಸೆ ತೀಡಿದರು, ತಮ್ಮಿಂದ ಆದದ್ದು ಏನೂ ಇಲ್ಲದಿದ್ದರೂ. ಚಿಕ್ಕಪ್ಪ ಸ್ವಲ್ಪ ಹೊತ್ತು ಪೇಪರ್ ಓದಿದರು. ಆಮೇಲೆ ಕನ್ನಡಕ ತೆಗೆದು, “ಓದಲಿ, ಧಾರವಾಡದಲ್ಲೇ ಓದಲಿ. ಶಾಸನಗಳನ್ನೆಲ್ಲ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಆಫೀಸು ಊಟಿಯಿಂದ ಎತ್ತಿಕೊಂಡು ಬಂದು ಇಟ್ಟಿರೋದು ಎಲ್ಲಿ ಹೇಳು? ಮೈಸೂರಲ್ಲಿ. ಕೆಲಸಕ್ಕೆ ಅಲ್ಲಿಗೇ ಬರಬೇಕಲ್ಲ,” ಎಂದು ಪುಟ ಮಗುಚಿದರು.