ಹತ್ತು ಹಂದಿ, ಒಂದು ಜೊತೆ ಹಳೇ ಬೂಟು

ಬಕಾಸುರನ ವಿಷಯದಲ್ಲಿ ಕೈವಾರದವರಿಗೆ ಗೊಂದಲವೇ ಇಲ್ಲ. ಅವನು ಸತ್ತಿದ್ದಾನೆ. ಚಿಂತಾಮಣಿ ತಾಲ್ಲೂಕಿನ ಈ ಊರೇ ಹಿಂದಿನ ಏಕಚಕ್ರಪುರ, ಎದುರಿಗೆ ಕಾಣುವ ಬೆಟ್ಟದಲ್ಲೇ ಭೀಮ ಅವನ ಕಥೆ ಮುಗಿಸಿದ್ದು, ಅನುಮಾನವಿದ್ದರೆ ಭೀಮಲಿಂಗೇಶ್ವರನ ಗುಡಿಗೆ ಹೋಗಿ ಕೈಮುಗಿದು ಬನ್ನಿ ಅಂತಾರೆ. ಬಂಗಾಳದ ಬೀರಭೂಮ್ ಕಡೆಯವರೂ ಏಕಚಕ್ರ ನಮ್ಮದೇ ಅಂತಾರಲ್ಲ ಎಂದು ತಲೆಹರಟೆ ಮಾಡಿದರೆ, ಅಲ್ಲಿ ಬೇರೆ ಯಾರನ್ನೋ ಕೊಂದಿರಬೇಕು ಬಿಡಿ ಅಂತಾರೆ. ಮುಖ್ಯ ಮಾತೇನೆಂದರೆ, ಸರದಿ ಪ್ರಕಾರ ಗಾಡಿ ತುಂಬ ಅನ್ನ, ಎರಡು ಕೋಣ, ಮನೆಗೊಬ್ಬ ಆಳು ಕಳಿಸುವುದು ಅವತ್ತಿಗೆ ನಿಂತಿತು. ಈಗ ಅಲ್ಲಿ ಅನ್ನ ಬೇಯುವುದು ಯೋಗಿ ತಾತಯ್ಯನವರ ಮಠದಲ್ಲಿ, ಬಂದ ಭಕ್ತರಿಗೆ ಬಡಿಸಲಿಕ್ಕೆ.

ನನ್ನ ಅಳಿಯನ ಬಕಾಸುರ ಹಾಗಲ್ಲ. ವಾರಕ್ಕೊಂದು ಸಲ ಸಾಯುತ್ತಾನೆ. ಮುಂದಿನ ವಾರ ಏನೂ ಆಗದವನಂತೆ ಎದ್ದು, ಅದೇ ಗುಹೆಯಲ್ಲಿ, ಅದೇ ಡೈಲಾಗು ಹೊಡೆಯುತ್ತ ಕೂತಿರುತ್ತಾನೆ.

ಅಳಿಯ ಅಂದರೆ ನಮ್ಮಕ್ಕನ ಮಗ. ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಬಿ.ಕಾಂ. ಮುಗಿಸಿ, ಸದ್ಯ ‘ಕಾಂಪಿಟೇಟಿವ್ ಎಕ್ಸಾಮಿಗೆ ಓದ್ತಿದೀನಿ’ ಅನ್ನುವ ಹುದ್ದೆಯಲ್ಲಿದ್ದಾನೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಅವನ ಓರಗೆಯ ಹುಡುಗರೆಲ್ಲ ಸೂತಕದ ಮನೆಯವರಂತೆ ಓಡಾಡುತ್ತಿದ್ದರು. ಇವನು ಮಾತ್ರ ಮುಖ ಅರಳಿಸಿಕೊಂಡಿದ್ದ. ‘ಅದು ಬರೀ ಹೊಡೆದಾಟ ಮಾವ, ನಂದು ರೋಲ್ ಪ್ಲೇಯಿಂಗು’ ಅಂದ. ಅಂದರೆ ಸಾವಿರಾರು ಜನ ಇಂಟರ್‌ನೆಟ್ಟಿನ ಒಂದೇ ಲೋಕದೊಳಗೆ ಹೊಕ್ಕು, ಒಬ್ಬೊಬ್ಬರೂ ಒಂದೊಂದು ವೇಷ ತೊಟ್ಟು, ವರ್ಷಗಟ್ಟಲೆ ಅಲ್ಲೇ ಬಾಳುವೆ ಮಾಡುವ ಆಟ. ಇವನು ಭೀಮ ಅಂತ ಹೆಸರಿಟ್ಟುಕೊಳ್ಳಲು ಹೋದರೆ ಆ ಹೆಸರು ಆಗಲೇ ಯಾರದೋ ಪಾಲಾಗಿತ್ತಂತೆ. ಭೀಮಸೇನ, ವೃಕೋದರ, ವಾಯುಪುತ್ರ, ಎಲ್ಲ ಬುಕ್ಕು. ಕೊನೆಗೆ ಚಿಕ್ಕಬಳ್ಳಾಪುರದ ಗಾಡಿ ನಂಬರು ಅಂಟಿಸಿ ‘ಭೀಮ ಕೆಎ 40’ ಆದ. ಇದಕ್ಕೆ ಚಿಂತಾಮಣಿಯ ಅವನ ಗೆಳೆಯನ ತಕರಾರಿದೆ. ಬಕಾಸುರನನ್ನು ಕೊಂದ ಜಾಗ ನಮ್ಮ ತಾಲ್ಲೂಕಿನದು, ನ್ಯಾಯವಾಗಿ ಕೆಎ 67 ಹಾಕಬೇಕಿತ್ತು ಅಂತ.

‘ಏನಪ್ಪಾ ಭೀಮ, ಇಷ್ಟು ರಾಕ್ಷಸರನ್ನ ಕೊಂದಿದ್ದೀಯ, ಒಂದು ಸಲಕ್ಕಾದರೂ ವೀರ ಅನ್ನಿಸ್ತಾ?’ ಎಂದು ಕೇಳಿದೆ.

‘ಎಲ್ಲಿ ಮಾವ, ಲೈನಲ್ಲಿ ನಿಂತು ನಿಂತು ಸಾಕಾಗೋಗುತ್ತೆ.’

ತಮಾಷೆಯಲ್ಲ. 1999ರಲ್ಲಿ ಎವರ್‌ಕ್ವೆಸ್ಟ್ ಎಂಬ ಆಟ ಬಂದಾಗಲೇ ಈ ಪಾಡು ಶುರುವಾಗಿತ್ತು. ರಾಕ್ಷಸ ಒಬ್ಬ, ಕೊಲ್ಲಬೇಕಾದವರು ನೂರಾರು. ಒಬ್ಬರು ಕೊಂದ ಮೇಲೆ ಅವನು ಮತ್ತೆ ಹುಟ್ಟುವವರೆಗೆ ಮಿಕ್ಕವರು ಅದೇ ಜಾಗದಲ್ಲಿ ಠಿಕಾಣಿ ಹೂಡಿ ಕಾಯಬೇಕು. ಯಾರಾದ ಮೇಲೆ ಯಾರು ಎಂದು ಆಟಗಾರರೇ ಪಟ್ಟಿ ಬರೆದಿಟ್ಟುಕೊಳ್ಳುತ್ತಿದ್ದರು. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಸಾಲಿಟ್ಟು ಬೀಡಿ ಹಚ್ಚಲು ಹೋಗುತ್ತೇವಲ್ಲ, ಅದೇ ಏರ್ಪಾಡು. ಇಲ್ಲಿ ಚೀಲದ ಬದಲು ಗದೆ.

ಹುಟ್ಟಿದ ಕೂಡಲೇ ರಾಕ್ಷಸನ ಹತ್ತಿರ ಬಿಡುವುದೂ ಇಲ್ಲ. ಮೊದಲು ಹಂದಿ ಹೊಡೆಯಬೇಕು. ಊರ ಬಾಗಿಲಲ್ಲಿ ಗೌಡನಂಥವನೊಬ್ಬ ನಿಂತು, ‘ವೀರನೇ, ಹಂದಿಗಳ ಕಾಟ ತಡೆಯಲಾಗುತ್ತಿಲ್ಲ, ಹತ್ತು ಹಂದಿ ಕೊಂದು ಬಾ’ ಅನ್ನುತ್ತಾನೆ. ಕೊಂದು ಬಂದರೆ ಒಂದು ಜೊತೆ ಹಳೇ ಬೂಟು ಕೊಡುತ್ತಾನೆ. ಇವನು ಬೂಟು ಮೆಟ್ಟಿಕೊಂಡು ತಿರುಗಿ ನೋಡಿದರೆ ಗದ್ದೆಯಲ್ಲಿ ಮತ್ತೆ ಹತ್ತು ಹಂದಿ, ಗೌಡನ ಮುಂದೆ ಇನ್ನೊಬ್ಬ ವೀರ, ಅದೇ ಗೋಳು.

ಇದನ್ನು ಕೇಳಿದಾಗ ನನಗೆ ಆತಕೂರಿನ ನಾಯಿ ನೆನಪಾಯಿತು. ಮದ್ದೂರಿನ ಕಡೆಯ ಊರು. ಹತ್ತನೆಯ ಶತಮಾನದ ನಡುಭಾಗ, ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಹೊತ್ತು. ಗಂಗರ ಬೂತುಗನ ಕಡೆಯ ವೀರ ಮಣಲೆರನಿಗೆ ಏನು ಬೇಕೋ ಕೇಳು ಎಂದರೆ, ಆ ಪುಣ್ಯಾತ್ಮ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಕೆತ್ತಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಲೆಕ್ಕ ನೋಡಿ: ನಾಯಿ ಒಂದು ಹಂದಿ ಹೊಡೆದು ಸಾವಿರ ವರ್ಷಕ್ಕೂ ಮೀರಿ ಹೆಸರು ಉಳಿಸಿಕೊಂಡಿದೆ. ನನ್ನ ಅಳಿಯ ಬೆಳಗಿನ ತಿಂಡಿಗೆ ಮುಂಚೆ ಹತ್ತು ಹೊಡೆಯುತ್ತಾನೆ. ಬೂಟು ಕಾಲಿಗೆ ಸರಿಹೋಗಿಲ್ಲ.

ಹಂದಿ ಆದ ಮೇಲೆ ಸೊಪ್ಪು. ಆಟದಲ್ಲೊಬ್ಬಳು ಮುದುಕಿ ಇದ್ದಾಳೆ. ಮೊಮ್ಮಗುವಿಗೆ ಜ್ವರ, ಬೆಟ್ಟದ ಆಚೆ ಬೆಳೆಯುವ ಮೂಲಿಕೆ ತಂದುಕೊಡಪ್ಪ ಅನ್ನುತ್ತಾಳೆ. ಇವನು ಎರಡು ಹೊಳೆ ದಾಟಿ, ತೋಳಗಳ ಹತ್ತಿರ ಕಚ್ಚಿಸಿಕೊಂಡು ತಂದುಕೊಡುತ್ತಾನೆ. ಅದೇ ಹೊತ್ತಿಗೆ ಅಡುಗೆಮನೆಯಿಂದ ನಮ್ಮಕ್ಕ ‘ಮೂಲೆ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತತ್ತಾರೋ’ ಎಂದರೆ, ‘ಐದು ನಿಮಿಷ ಅಮ್ಮಾ!’ ಆ ಐದು ನಿಮಿಷದಲ್ಲಿ ಸಾರು ಕುದ್ದು, ಇಳಿದು, ಆರಿ, ಬಡಿಸಿಯೂ ಆಗಿರುತ್ತದೆ. ಅಕ್ಕ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: ‘ಅವ್ಳು ಏನ್ ಕೊಡ್ತಾಳೋ ನಿಂಗೆ?’ ಇವನು, ‘ಎಕ್ಸ್‌ಪೀರಿಯೆನ್ಸು’ ಅಂದ. ‘ಬಾ, ಹುಳು ಮನೇಲಿ ನಾನೂ ಕೊಡ್ತೀನಿ’ ಅಂದಳು.

ಇಷ್ಟೆಲ್ಲ ದುಡಿಸಿಕೊಳ್ಳುವ ಆಟಗಳು ಮಾತಿಗೆ ಮಾತ್ರ ಬಡತನ ಮಾಡುವುದಿಲ್ಲ. ನೀನೇ ಲೋಕರಕ್ಷಕ, ನಿನಗಾಗಿಯೇ ಕಾದಿದ್ದೆವು, ನೀನಿಲ್ಲದೆ ಪ್ರಳಯ. 2004ರಲ್ಲಿ ಬಂದು ಇವತ್ತಿಗೂ ನಡೆಯುತ್ತಿರುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಆ್ಯಶ್‌ಬ್ರಿಂಗರ್ ಎಂಬ ಮಹಾಖಡ್ಗವಿದೆ. ಲೋಕಕ್ಕೆಲ್ಲ ಅದೊಂದೇ. 2016ರಲ್ಲಿ ಬಂದ ಹೊಸ ಕಂತಿನಲ್ಲಿ ಆ ಒಂದೇ ಒಂದು ಖಡ್ಗವನ್ನು ಒಂದು ಪಂಗಡದ ಪ್ರತಿಯೊಬ್ಬ ಯೋಧನ ಕೈಗೂ ಕೊಟ್ಟರು. ಪೇಟೆಯಲ್ಲಿ ಬಂದು ನಿಂತರೆ ಎಡಕ್ಕೊಂದು ಆ್ಯಶ್‌ಬ್ರಿಂಗರ್, ಬಲಕ್ಕೊಂದು ಆ್ಯಶ್‌ಬ್ರಿಂಗರ್, ಅಂಚೆಡಬ್ಬಿ ಮುಂದೆ ನಿಂತವರ ಬೆನ್ನ ಮೇಲೆಲ್ಲ ಅದೇ. ದ್ರೋಣರು ಗಾಂಡೀವ ಹಿಡಿದ ಹತ್ತು ಸಾವಿರ ಅರ್ಜುನರನ್ನು ಸಾಲಾಗಿ ನಿಲ್ಲಿಸಿ ‘ಹಕ್ಕಿಯ ಕಣ್ಣು ಕಾಣುತ್ತಾ?’ ಎಂದು ಕೇಳಿದ್ದರೆ, ಹಕ್ಕಿಯೇ ನಾಚಿಕೊಂಡು ಹಾರಿಹೋಗುತ್ತಿತ್ತು.

ಸಾವಿನ ಸಂಗತಿ ಇನ್ನೂ ಸಸಾರ. ನಮ್ಮ ಸೀಮೆಯಲ್ಲಿ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವುದು, ಮೇಲಿನ ಪಟ್ಟಿಯಲ್ಲಿ ಶಿವಸನ್ನಿಧಿ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೂ ಅಷ್ಟು ಮರ್ಯಾದೆ. ಅಳಿಯನ ಆಟದಲ್ಲಿ ಕೆಳಗಿನ ಪಟ್ಟಿ ಉಂಟು, ಅಪ್ಸರೆಯರು ಇಲ್ಲ. ಸತ್ತರೆ ಸ್ಮಶಾನದಲ್ಲಿ ದೆವ್ವವಾಗಿ ಎದ್ದು, ಓಡಿ ಬಂದು, ಬಿದ್ದಿರುವ ತನ್ನ ಹೆಣದೊಳಕ್ಕೆ ತಾನೇ ಹೊಕ್ಕು ಮೈ ಕೊಡವಿಕೊಳ್ಳಬೇಕು. ಕವಚ ರಿಪೇರಿಗೆ ಒಂದಿಷ್ಟು ಕಾಸು ಖರ್ಚು. ಇವನು ಸತ್ತಾಗಲೆಲ್ಲ ಕಲ್ಲು ನೆಡುತ್ತ ಹೋದರೆ ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆಗೆ ಜಾಗ ಉಳಿಯುವುದಿಲ್ಲ. (ಗೌರಿಬಿದನೂರಿನ ಆಚೆ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿತು. ಅಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಅದನ್ನು ಈ ಹರಟೆಯಲ್ಲಿ ಬೆರೆಸುವುದು ಬೇಡ.)

ಹಾಗಾದರೆ ಇದೆಲ್ಲ ಬರೀ ಬೊಗಳೆ ಎಂದು ಷರಾ ಬರೆಯೋಣ ಅಂದರೆ, ಒಂದು ಪ್ರಸಂಗ ಅಡ್ಡ ಬರುತ್ತದೆ. 2005ರ ಸೆಪ್ಟೆಂಬರಿನಲ್ಲಿ ಅದೇ ವಾರ್‌ಕ್ರಾಫ್ಟ್‌ನಲ್ಲಿ ಹಕ್ಕಾರ್ ಎಂಬ ರಾಕ್ಷಸನನ್ನು ಹೊಸದಾಗಿ ತಂದು ಕೂರಿಸಿದರು. ಅವನ ರಕ್ತದ ಶಾಪ ತಗುಲಿದರೆ ಪಕ್ಕದವನಿಗೂ ಅಂಟುತ್ತದೆ. ಅದು ಅವನ ಠಾವಿನೊಳಗೇ ಮುಗಿಯಬೇಕಾದ ರೋಗ. ಆಟಗಾರರ ಸಾಕುಪ್ರಾಣಿಗಳ ಮೈಗೆ ಹತ್ತಿಕೊಂಡು ಅದು ಪೇಟೆಗೆ ಬಂದುಬಿಟ್ಟಿತು. ಹೊಸಬರು ನಿಂತಲ್ಲೇ ಉದುರಿದರು, ಬೀದಿ ತುಂಬ ಎಲುಬು. ಕೆಲವರು ಬೇಕೆಂದೇ ಹರಡಿದರು. ಅಂಥವರು ಎಲ್ಲಿ ತಾನೇ ಇಲ್ಲ? ಆದರೆ ವಾಸಿ ಮಾಡುವ ಶಕ್ತಿಯಿದ್ದ ಒಂದಷ್ಟು ಜನ ಯಾರೂ ಹೇಳದೆ, ಬೂಟಿನ ಆಸೆಯೂ ಇಲ್ಲದೆ, ಪೇಟೆಗೆ ಹೋಗಿ ಬಿದ್ದವರಿಗೆ ಮದ್ದು ಹಾಕತೊಡಗಿದರು. ಕೊನೆಗೆ ಕಂಪನಿಯವರು ಸರ್ವರುಗಳನ್ನೇ ಹೊಸದಾಗಿ ಶುರು ಮಾಡಬೇಕಾಯಿತು. 2007ರಲ್ಲಿ ಇಬ್ಬರು ಸಂಶೋಧಕರು ಇದರ ಮೇಲೆ ‘ಲ್ಯಾನ್ಸೆಟ್’ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಲೇಖನ ಬರೆದರು. ಹಾಗೆ ಬದುಕಿಸಿದ್ದರಿಂದಲೇ ರೋಗಿಗಳು ಇನ್ನಷ್ಟು ಹೊತ್ತು ಓಡಾಡಿ ಇನ್ನಷ್ಟು ಜನಕ್ಕೆ ಅಂಟಿಸಿರಬಹುದು ಎಂದೂ ಸೇರಿಸಿದರು. ಪಂಡಿತರು ಹಾಗೇ, ಹಾರ ಹಾಕುವಾಗಲೂ ಒಂದು ಗುಂಡುಸೂಜಿ ಬಿಟ್ಟಿರುತ್ತಾರೆ.

ಈ ಕಥೆ ಹೇಳಿದ್ದೇ ಅಳಿಯ. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಗೂ ಒಂದು ಸಲ ಹಂಗೇ ಆಗಿತ್ತು ಮಾವ’ ಅಂದ.

ಐದು ಜನರ ತಂಡ. ಇವನು ಟ್ಯಾಂಕು, ಅಂದರೆ ಮುಂದೆ ನಿಂತು ಎಲ್ಲ ಏಟು ತಿನ್ನುವವನು. ಇನ್ನೊಬ್ಬಳು ಹೀಲರ್, ಹಿಂದೆ ನಿಂತು ಇವನ ಗಾಯ ಮಾಯಿಸುವವಳು. ಗೌರಿಬಿದನೂರಿನ ಹುಡುಗಿ. ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ತಂಡದವರು ಕರೆಯುವುದು ‘ಡಾಕ್ಟ್ರಕ್ಕ’ ಅಂತ. ಮಿಕ್ಕ ಮೂವರು ಹೊಡೆಯುವವರು, ಹಾಗಾಗಿ ಜಂಬದವರು. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೈಗುಳ ಎರಡರಲ್ಲೂ. ಹೆಡ್‌ಫೋನಿನಲ್ಲಿ ಅವತ್ತು ಎಲ್ಲವೂ ಒಟ್ಟಿಗೆ ಹರಿಯುತ್ತಿತ್ತು. ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ ದಿನಗಳು. ಆ ಹೊತ್ತಿನಲ್ಲಿ ಹುಳುವಿಗೆ ಎಷ್ಟು ಹಾಕಿದರೂ ಸಾಲದು, ರಾತ್ರಿಯೂ ಎದ್ದು ಕೊಡಬೇಕು. ಅಕ್ಕ ಹುಳು ಮನೆಯಿಂದ ಕೂಗುತ್ತಿದ್ದಾಳೆ. ಕರೆಂಟು ಹೋಯಿತು. ಇವನು ಮೊಬೈಲಿನ ನೆಟ್ಟು ಹಚ್ಚಿಕೊಂಡು, ಲ್ಯಾಪ್‌ಟಾಪಿನ ಉಳಿದ ಚಾರ್ಜಿನಲ್ಲಿ ನಿಂತ. ಜಂಬದ ಮೂವರೂ ಒಬ್ಬರ ಹಿಂದೊಬ್ಬರು ಸತ್ತರು. ಚಿಂತಾಮಣಿಯವನು ಸತ್ತು ಬಿದ್ದಲ್ಲಿಂದಲೇ ‘ಒರೇಯ್, ವೆನಕ್ಕಿ ರಾರಾ!’ ಎಂದು ಅರಚುತ್ತಿದ್ದಾನೆ. ಹಿಂದಕ್ಕೆ ಓಡಿಬಂದಿದ್ದರೆ ಇವನು ಉಳಿಯುತ್ತಿದ್ದ, ರಾಕ್ಷಸ ನೇರ ಡಾಕ್ಟ್ರಕ್ಕನ ಮೇಲೆ ಬೀಳುತ್ತಿದ್ದ. ಇವನು ಓಡಲಿಲ್ಲ. ಅವಳೂ ಓಡಲಿಲ್ಲ. ಇವನ ಆಯುಸ್ಸಿನ ಪಟ್ಟಿ ಕೂದಲೆಳೆಯಷ್ಟಕ್ಕೆ ಇಳಿಯುವುದು, ಅವಳು ಎತ್ತುವುದು. ಮತ್ತೆ ಇಳಿಯುವುದು, ಮತ್ತೆ ಎತ್ತುವುದು. ಕೊನೆಗೆ ರಾಕ್ಷಸ ಬಿದ್ದ. ಬಹುಮಾನವಾಗಿ ಬಂದದ್ದು ಒಂದು ಜೊತೆ ಕೈಗವಸು, ಅದೂ ಇವನ ಜಾತಿಯವರು ತೊಡುವಂಥದ್ದಲ್ಲ. ಹೆಡ್‌ಫೋನಿನಲ್ಲಿ ಅವಳು ಅಂದಳಂತೆ: ‘ಓಡಿಹೋಗ್ತೀಯ ಅಂದ್ಕೊಂಡಿದ್ದೆ.’

‘ಆಮೇಲೆ?’ ಅಂದೆ.

‘ಆಮೇಲೇನಿಲ್ಲ. ಹೋಗಿ ಹುಳಕ್ಕೆ ಸೊಪ್ಪು ಹಾಕ್ದೆ.’

ಯಾರೂ ಹೇಳದೆ ಹಾಕಿದ ಎಂದು ಅಕ್ಕ ಇವತ್ತಿಗೂ ನೆಂಟರ ಮುಂದೆ ಹೇಳಿಕೊಳ್ಳುತ್ತಾಳೆ. ಅವತ್ತು ಹುಳು ಮನೆಯ ಪರದೆ ಸರಿಯಾಗಿ ಎಳೆಯದೆ ಬಂದು ಊಜಿ ನೊಣ ಒಳಗೆ ನುಗ್ಗಿದ್ದನ್ನೂ ಹೇಳುತ್ತಾಳೆ.

ನನಗನ್ನಿಸುವುದು ಇಷ್ಟೆ. ‘ನೀನೇ ವೀರ’ ಎಂದು ಆಟ ಹೇಳಿದಾಗ ಹುಡುಗರ ಕಿವಿಗೂ ಬೀಳುವುದಿಲ್ಲ, ಅದು ಎಲ್ಲರಿಗೂ ಅದನ್ನೇ ಹೇಳುತ್ತದೆಂದು ಅವರಿಗೆ ಗೊತ್ತು. ಹೆಡ್‌ಫೋನಿನಿಂದ ಒಬ್ಬ ಮನುಷ್ಯ ಪ್ರಾಣಿ ಹೇಳಿದರೆ ಬೀಳುತ್ತದೆ, ಅದೂ ಬೈಗುಳಕ್ಕೆ ಹತ್ತಿರದ ದನಿಯಲ್ಲಿ. ಭೀಮನಿಗಾದರೂ ಏನು ಸಿಕ್ಕಿತು? ಪಾಂಡವರು ಆಗ ವೇಷ ಮರೆಸಿಕೊಂಡು ಬ್ರಾಹ್ಮಣರಂತಿದ್ದವರು. ಸುದ್ದಿ ಹೊರಗೆ ಹೋಗಕೂಡದು ಎಂದು ಕುಂತಿಯ ಕಟ್ಟಪ್ಪಣೆ. ಯಾರೋ ಮಂತ್ರಸಿದ್ಧಿಯಿದ್ದ ಬ್ರಾಹ್ಮಣ ಕೊಂದ ಎಂದು ಊರಿಗೆ ಹೇಳಿ ಮುಗಿಸಿದರು. ಹೆಸರಿಲ್ಲ, ಹಾರವಿಲ್ಲ. ಸಿಕ್ಕಿದ್ದು ಗಾಡಿ ತುಂಬ ಅನ್ನ. ಅದನ್ನೂ ಅವನು ರಾಕ್ಷಸ ಬಂದು ಬೆನ್ನಿಗೆ ಗುದ್ದುತ್ತಿರುವಾಗಲೇ ತಿಂದು ಮುಗಿಸಿದ.

ಅಂದಮೇಲೆ ಅಳಿಯನಿಗೆ ಹಾರ ಬೇಡವೇ ಎಂದರೆ, ಬೇಕು. ನಮ್ಮೂರ ಜಾತ್ರೆಗೆ ‘ಕುರುಕ್ಷೇತ್ರ’ ನಾಟಕ ಗೊತ್ತಾಯಿತು. ನಮ್ಮ ಕಡೆ ಪೌರಾಣಿಕ ನಾಟಕದ ಪದ್ಧತಿ ನಿಮಗೆ ಗೊತ್ತಲ್ಲ: ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ, ಭೀಮ ದುಬಾರಿ, ಸೈನಿಕ ಅಗ್ಗ. ಗಿರಾಕಿ ಹೆಚ್ಚಾದರೆ ಒಂದೇ ಪಾರ್ಟನ್ನು ದೃಶ್ಯದ ಲೆಕ್ಕದಲ್ಲಿ ಹಂಚುತ್ತಾರೆ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಹಾರ್ಮೋನಿಯಂ ಮೇಷ್ಟ್ರು ಇದನ್ನೆಲ್ಲ ವಿವರಿಸಿದಾಗ ಅಳಿಯನಿಗೆ ಒಂದೂ ಹೊಸದೆನ್ನಿಸಲಿಲ್ಲ. ಕಾಸು ಕೊಟ್ಟರೆ ಗದೆ, ಲೋಕಕ್ಕೊಬ್ಬನೇ ಆದವನು ಮೂರು ಜನ, ಸತ್ತವನು ಒನ್ಸ್ ಮೋರ್ ಎಂದರೆ ಎದ್ದು ಇನ್ನೊಂದು ಸಲ ಪದ್ಯ ಹಾಡಿ ಸಾಯುವುದು. ‘ನಾವು ಆಡೋದೂ ಇದೇ ಮಾವ, ಕರೆಂಟ್ ಬಿಲ್ ಒಂದು ಕಮ್ಮಿ’ ಅಂದ. ಭಾವ ಗೂಡು ಮಾರಿದ ದುಡ್ಡಿನಲ್ಲಿ ಗದಾಯುದ್ಧದ ಭೀಮನ ಪಾರ್ಟು ಕೊಡಿಸಿದರು.

ಬೆಳಗಿನ ಜಾವ ಗದಾಯುದ್ಧ. ಮೂರನೇ ದುರ್ಯೋಧನ ನೆಲಕ್ಕೆ ಕಾಲೂರಿ ಆರ್ಭಟಿಸುತ್ತಿದ್ದ. ಇವನು ಗದೆ ಎತ್ತಿದ. ಅಷ್ಟರಲ್ಲಿ ಮೈಕು ಗೊರಗೊರ ಅಂತು. ‘ಭೀಮನ ಪಾತ್ರಧಾರಿ ಶ್ರೀ ಕೆಎ ನಲವತ್ತು ಇವರಿಗೆ, ಗೌರಿಬಿದನೂರಿನಿಂದ ಆಗಮಿಸಿರುವ ಡಾಕ್ಟ್ರಕ್ಕನವರು ನೂರಾ ಒಂದು ರೂಪಾಯಿ ಮತ್ತು ಹಾರ ಕೊಟ್ಟು ಪ್ರೋತ್ಸಾಹಿಸಿದ್ದಾರೆ!’ ಭೀಮ ಗದೆ ಎತ್ತಿದವನು ಎತ್ತಿದಂತೆಯೇ ಜನರ ನಡುವೆ ಕಣ್ಣಾಡಿಸತೊಡಗಿದ. ಮೇಷ್ಟ್ರು ಅದೇ ಸ್ವರವನ್ನು ಎಳೆದರು, ಎಳೆದರು. ದುರ್ಯೋಧನ ಮೀಸೆಯ ಸಂದಿಯಿಂದ ‘ತೊಡೆಗೆ ಹೊಡಿಯೋ, ಬೆಳಗಾಗ್ತಾ ಬಂತು’ ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ನನ್ನ ಪಕ್ಕ ಕೂತಿದ್ದ ಅಕ್ಕ ಚಾಪೆಯ ಮೇಲೆ ನೆಟ್ಟಗಾಗಿ, ಸೆರಗು ಸರಿಮಾಡಿಕೊಂಡಳು.

‘ಡಾಕ್ಟ್ರಂತಾ? ಯಾವ ಆಸ್ಪತ್ರೆಲೋ?’